ಉಡಕಿ ಅಂದರೆ ಏನು

ವಿದ್ಯಾವತಿ ಚಹಾ ತೆಗೆದುಕೊಂಡು ಪಡಸಾಲೆಗೆ ಬರುವ ಹೊತ್ತಿಗೆ ಮಾತುಕತೆ ಬಹುತೇಕ ಮುಗಿದಿತ್ತು. ಹೊರ್ತಿಯ ಆ ಮನೆಯಲ್ಲಿ ಐದಾರು ವರ್ಷಗಳಿಂದ ಇಷ್ಟು ನಗೆಮುಖಗಳು ಒಟ್ಟಿಗೆ ಕೂತದ್ದಿರಲಿಲ್ಲ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡಿನ ಕಡೆಯಿಂದ ಮೂವರು ಬಂದಿದ್ದರು: ಮುದ್ದೇಬಿಹಾಳದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅಮಿತ, ಅವನ ತಾಯಿ ಕಸ್ತೂರೆವ್ವ, ಮತ್ತು ಅವನ ಸೋದರಮಾವ, ಇಂಗಳೇಶ್ವರದ ಮಡಿವಾಳಪ್ಪ.

ಮಡಿವಾಳಪ್ಪ ಬಸಿಗೆ ಚಹಾ ಸುರಿದುಕೊಂಡು ಸೊರ್ರನೆ ಹೀರಿದ. “ಆತು ಮತ್ತ. ಮುಂದಿನ ತಿಂಗಳದಾಗ ಒಂದ ಚಲೋ ದಿನ ನೋಡಿ ಉಡಕಿ ಮಾಡಿ ಮುಗಿಸಿಬಿಡೂಣು.”

“ಏನ ಮಾಡೂದ್ರಿ ಮಾಮಾ?” ವಿದ್ಯಾವತಿ ಕೇಳಿದಳು.

“ಉಡಕಿ, ತಂಗಿ.”

“ಮದಿವಿ ಅಲ್ಲೇನ್ರಿ?”

ಮಡಿವಾಳಪ್ಪ ನಕ್ಕ. ಅದು ಕೆಟ್ಟ ನಗೆಯೇನಲ್ಲ, ಗೊತ್ತಿರುವ ವಿಷಯವನ್ನೇ ಮಕ್ಕಳು ಕೇಳಿದಾಗ ಹಿರಿಯರು ನಗುವ ನಗೆ. “ಮದಿವಿ ಅನ್ನೂದು ಹೆಣ್ಣಮಗಳಿಗೆ ಒಂದ ಸಲ ಆಗೂದು. ಎರಡನೇದಕ್ಕ ಉಡಕಿ ಅಂತಾರ. ಹಿಂದಿನಿಂದ ನಡದ ಬಂದದ್ದು.”

“ಅವರಿಗೆ ಇದು ಮೊದಲನೇದಲ್ಲೇನ್ರಿ?” ಅವಳು ಅಮಿತನ ಕಡೆ ಕೈ ಮಾಡಿದಳು. “ಅವರಿಗೆ ಮದಿವಿ, ನನಗ ಉಡಕಿ? ಒಂದ ದಿನ, ಒಂದ ಹಂದರದಾಗ?”

“ಅದಕ್ಕೂ ದಾರಿ ಐತಿ,” ಎಂದ ಮಡಿವಾಳಪ್ಪ, ದಾರಿ ಗೊತ್ತಿರುವವನ ಸಮಾಧಾನದಲ್ಲಿ. “ಮುಂಜಾನೆ ಅವನ್ನ ಒಂದ ಎಕ್ಕಿ ಗಿಡಕ್ಕ ಮದಿವಿ ಮಾಡಿಬಿಡೂದು. ಅರಿಷಿಣ, ಅಕ್ಕಿಕಾಳು, ಎಲ್ಲಾ ಆ ಗಿಡಕ್ಕ. ಅಲ್ಲಿಗೆ ಅವಂದು ಮೊದಲನೇದು ತೀರಿತು. ಸಂಜೀಕ ದೀಪ ಹಚ್ಚಿದ ಮ್ಯಾಲೆ ನಿಮ್ಮದು.”

ವಿದ್ಯಾವತಿ ಅಮಿತನ ಮುಖ ನೋಡಿದಳು. ಅವನು ತನ್ನ ಅಂಗೈಯಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿ ಕೂತಿದ್ದ. “ಗಿಡಕ್ಕ ಮದಿವಿ, ನನಗ ಉಡಕಿ,” ಎಂದು ಅವಳು ಇನ್ನೇನೋ ಹೇಳಲು ಹೊರಟಳು. ಅಪ್ಪ ನಡುವೆ ಬಂದ: “ವಿದ್ಯಾ, ಒಳಗ ನಡಿ.”

ಒಳಗೆ ಹೋದಳು. ಹೋದದ್ದಕ್ಕೆ ಆಮೇಲೆ ಬಹಳ ದಿನ ತನ್ನನ್ನು ತಾನೇ ಬೈದುಕೊಂಡಳು.

ಒಳಗೆ ನಡಿ ಅಂದರೆ ಹೋಗುವ ಹೆಂಗಸಲ್ಲ ಅವಳು. ಸಿಂದಗಿ ಡಿಪೋದಲ್ಲಿ ಕಂಡಕ್ಟರ್. ಕಬ್ಬಿನ ಹಂಗಾಮಿನಲ್ಲಿ ಆಲಮೇಲದ ಬಸ್ಸಿಗೆ ಮಂದಿ ಜೋತುಬಿದ್ದಾಗ, ಒಬ್ಬೊಬ್ಬರ ಮೊಣಕೈ ಸರಿಸಿ ಕೊನೆಯ ಸೀಟಿನ ತನಕ ಟಿಕೆಟ್ ಹರಿದು ಬರುವವಳು. ಮೊದಲ ಗಂಡ ಆಲಮೇಲದವನು. ಮೂತ್ರಪಿಂಡ ಕೆಟ್ಟು, ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅತ್ತೆ ಮಾವ ಬೇಡ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ನೌಕರಿ ಸಿಕ್ಕ ಮೇಲೆ ಸಿಂದಗಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದುಬಿಟ್ಟಳು.

ಅಮಿತನ ಪರಿಚಯವಾದದ್ದು ಜಗಳದಿಂದ. ಆಲಮೇಲದ ಕಡೆಯ ತೋಟಗಳಿಂದ ಸುಟ್ಟ ಮೋಟಾರುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಅವನು ಬಸ್ಸು ಹತ್ತುತ್ತಿದ್ದ. ಅವಳು ಲಗೇಜ್ ಟಿಕೆಟ್ ತೆಗೆಯುತ್ತಿದ್ದಳು. “ಸತ್ತ ಮೋಟಾರಿಗೂ ಟಿಕೆಟ್ಟೇನ್ರಿ?” ಎಂದು ಒಮ್ಮೆ ಕೇಳಿದ. “ಸತ್ತದ್ದಾದ್ರ ಕೆಳಗ ಇಳಸ್ರಿ, ಮಣ್ಣ ಮಾಡೂಣು,” ಎಂದಿದ್ದಳು ಅವಳು. ಇಡೀ ಬಸ್ಸು ನಕ್ಕಿತ್ತು. ಮುಂದಿನ ಸಲ ಕೇಳುವ ಮೊದಲೇ ಅವನು ಲಗೇಜಿಗೆ ಚಿಲ್ಲರೆ ಹಿಡಿದು ನಿಂತಿದ್ದ. ಹೀಗೆ ಬೆಳೆದದ್ದು. ಮೂವತ್ತೇಳು ದಾಟಿದ್ದರೂ ಅವನಿಗೆ ಮದುವೆ ಕೂಡಿ ಬಂದಿರಲಿಲ್ಲ. ಯಾಕೆಂದು ಅವನು ಹೇಳಿರಲಿಲ್ಲ, ಅವಳೂ ಕೆದಕಿರಲಿಲ್ಲ.

ಮಾತು ಮುಗಿಸಿ ಬೀಗರು ಹೋದ ಮೇಲೆ ಅವಳು ಅಪ್ಪನನ್ನು ಹಿಡಿದಳು. “ಉಡಕಿ ಅಂದ್ರ ಏನಪ್ಪಾ? ಆ ಶಬ್ದಕ್ಕ ಅರ್ಥ ಏನು?”

“ಅದೇನ, ಹಿಂದಿನವ್ರು ಅಂತಿದ್ರು,” ಎಂದ ಅಪ್ಪ. ಸ್ವಲ್ಪ ಯೋಚಿಸಿ, “ಉಳದದ್ದು, ಹಿಂಗ ಏನೋ ಇರಬೇಕ ನೋಡು,” ಎಂದು ಸೇರಿಸಿ, ಅಂದ ಮೇಲೆ ತಾನೇ ಬೆಚ್ಚಿಬಿದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅವ್ವ ಬೇರೆ ಹೇಳಿದಳು. “ಉಡಿ ತುಂಬೂದರಿಂದ ಬಂದದ್ದಿರಬೇಕು. ಏನಿದ್ರೇನ ಮಗಳ? ಒಬ್ಬ ಒಳ್ಳೇಂವ ಸಿಕ್ಕಾನ. ಅವರು ಏನ ಕರಿತಾರ ಅಂತ ನೋಡಕೋತ ಕುಂಡ್ರಬ್ಯಾಡ.”

ಇದೇ ಮಾತು ಎಲ್ಲರ ಬಾಯಲ್ಲೂ. ಏನು ಕರೆದರೇನು? ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಹಾಗೇ ಕರೆಯಬೇಕೆಂಬ ಹಠ ಅವರಿಗೆ ಯಾಕೆ?

ಡಿಪೋದಲ್ಲಿ ಬುಶ್ರಾ ಎಂಬ ಗೆಳತಿಯಿದ್ದಳು. ಅವಳೂ ಕಂಡಕ್ಟರ್. ಮೊದಲ ಗಂಡನಿಂದ ತಲಾಖ್ ಆಗಿ, ಕಳೆದ ವರ್ಷವಷ್ಟೇ ಮತ್ತೆ ನಿಕಾ ಮಾಡಿಕೊಂಡವಳು. ವಿಶ್ರಾಂತಿ ಕೋಣೆಯಲ್ಲಿ ರೊಟ್ಟಿ ಬಿಚ್ಚುತ್ತ ವಿದ್ಯಾವತಿ ಎಲ್ಲವನ್ನೂ ಹೇಳಿ, “ನಿಮ್ಮೊಳಗ ಚಲೋ ಬಿಡು. ಎರಡಕ್ಕೂ ಒಂದ ಹೆಸರು,” ಎಂದಳು.

“ಚಲೋ ಐತಿ,” ಎಂದಳು ಬುಶ್ರಾ. “ಮೊದಲನೇದೂ ನಿಕಾ, ಎರಡನೇದೂ ನಿಕಾ. ಓದೂದ ಅದ, ಬರಿಯೂದ ಅದ. ಆದ್ರ ಓಣ್ಯಾಗ ಏನಂದ್ರ ಗೊತ್ತೈತೇನ? ‘ಬುಶ್ರಾಂದು ಉಡಕಿ ಆತಂತ.’ ಮನ್ಯಾಗ ಉರ್ದು ಆಡೂ ಮಂದೀನೂ ಆ ಒಂದ ಶಬ್ದ ಮಾತ್ರ ಕನ್ನಡದಾಗ ಅಂದ್ರು!”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಅದೇ ವಾರ ಇಂಡಿ ರೂಟು ಬಿತ್ತು. ಬಸ್ಸು ನಿಲ್ಲುವ ಬಿಡುವಿನಲ್ಲಿ ಅವಳು ರೇಣುಕಾಳ ಮನೆಗೆ ನಡೆದಳು. ರೇಣುಕಾ ಶಾಲೆಯ ಗೆಳತಿ, ಈಗ ಇಂಡಿಯಲ್ಲಿ ಕಾಲೇಜಿಗೆ ಕನ್ನಡ ಕಲಿಸುತ್ತಿದ್ದಳು. ಪ್ರಶ್ನೆ ಕೇಳಿದ್ದೇ ಅವಳ ಕಣ್ಣು ಹೊಳೆದವು.

“ಉಡು ಅನ್ನೂದರಿಂದ ಬಂದದ್ದ ಅದು. ಸೀರಿ ಉಡು. ಹೊದಿ ಅನ್ನೂದಕ್ಕ ಹೊದಿಕಿ, ಹಂಗ ಉಡು ಅನ್ನೂದಕ್ಕ ಉಡಿಕಿ. ಬಾಯಿಂದ ಬಾಯಿಗೆ ತಿರುಗಿ ಉಡಕಿ ಆಗೇತಿ. ಸೀರುಡಿಕಿ ಅಂತಾನೂ ಅಂತಿದ್ರು. ಗಂಡ ಸತ್ತಾಕಿಗೆ ಒಬ್ಬ ಬಂದು ಸೀರಿ ಕೊಡತಿದ್ದ. ಆಕಿ ಉಟ್ಟಳು ಅಂದ್ರ ಒಪ್ಪಿದಳು ಅಂತ. ಮಂತ್ರ ಇಲ್ಲ, ಸುರಗಿ ನೂಲ ಸುತ್ತೂದಿಲ್ಲ, ಬರೇ ಒಂದ ಸೀರಿ.” ರೇಣುಕಾ ಮೆಚ್ಚುಗೆಯಿಂದ ತಲೆಯಾಡಿಸಿದಳು. “ಎಷ್ಟ ಚಂದ ಶಬ್ದ ನೋಡು. ಬ್ಯಾರೆ ಕಡೆ ಗಂಡ ಸತ್ತವರನ್ನ ಮೂಲ್ಯಾಗ ಕುಂಡ್ರಸತಿದ್ದ ಕಾಲದಾಗ, ನಮ್ಮ ಮಂದಿ ಹೊಸಾ ಸೀರಿ ಉಡಸತಿದ್ರು.”

ವಿದ್ಯಾವತಿಗೆ ಸಮಾಧಾನ ಆಗಬೇಕಿತ್ತು. ಶಬ್ದದಲ್ಲಿ ಹೊಲಸು ಇರಲಿಲ್ಲ. ಉಳಿದದ್ದಲ್ಲ, ಎಂಜಲಲ್ಲ, ಬರೀ ಉಡುವುದು. ಆದರೆ ಒಳಗೆ ಉರಿ ಇನ್ನೂ ಹೆಚ್ಚಿತು. “ಶಬ್ದ ಇಷ್ಟ ಚಂದ ಐತಿ ಅಂದ್ರ, ಅದನ್ನ ಹೊತ್ತ ಮುಣುಗಿದ ಮ್ಯಾಲೆ ಯಾಕ ಮಾಡಬೇಕ? ಮುತ್ತೈದ್ಯಾರು ಯಾಕ ಬರಬಾರದು?”

“ಅದು ರೂಢಿ ಆತು ವಿದ್ಯಾ. ನಾ ಹೇಳಿದ್ದು ವ್ಯುತ್ಪತ್ತಿ.”

“ನಿನ್ನ ವ್ಯುತ್ಪತ್ತಿ ತಗೊಂಡು ಮಡಿವಾಳಪ್ಪ ಮಾಮಾನ ಮುಂದ ಏನ ಮಾಡ್ಲಿ ನಾನು?” ಎಂದು ಅವಳು ರೇಗಿದಳು. ಗೆಳತಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಡ್ರೈವರ್ ಫೋನ್ ಮಾಡಿದ. ಕ್ಷಮೆ ಕೇಳುವುದಕ್ಕೂ ಹೊತ್ತಿರಲಿಲ್ಲ, ಅವಳು ಬಸ್ ನಿಲ್ದಾಣಕ್ಕೆ ಓಡಿದಳು.

ಮದುವೆ ಬಸವನ ಬಾಗೇವಾಡಿಯಲ್ಲಿ ಎಂದು ಗೊತ್ತಾಗಿತ್ತು, ಎರಡೂ ಕಡೆಯವರಿಗೆ ನಡುವಿನ ಊರು. ಕಾರ್ಡು ಅಲ್ಲಿಯೇ ಬಾಬುಲಾಲನ ಪ್ರೆಸ್ಸಿನಲ್ಲಿ. ಕರಡು ನೋಡಿ ಒಪ್ಪಿಗೆ ಕೊಡಲು ಅವಳೂ ಅಮಿತನೂ ಒಟ್ಟಿಗೆ ಹೋದರು. ಬಾಬುಲಾಲ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ. ಇಬ್ಬರ ಹೆಸರೂ ಚಂದಾಗಿ ಕೂತಿದ್ದವು. ಮೇಲೆ ‘ಶುಭ ವಿವಾಹ’ ಎಂದಿರಬೇಕಾದಲ್ಲಿ ‘ಶುಭ ಕಾರ್ಯ’ ಎಂದಿತ್ತು. ಮುಹೂರ್ತದ ಜಾಗದಲ್ಲಿ ‘ಸಂಜೆ ದೀಪ ಹಚ್ಚಿದ ನಂತರ’ ಎಂದಿತ್ತು.

“ಇದ್ಯಾರು ಬರದದ್ದು?” ಎಂದಳು ವಿದ್ಯಾವತಿ.

“ಮಡಿವಾಳಪ್ಪ ಕಾಕಾ ಫೋನ್ ಮಾಡಿ ತಿದ್ದಿಸಿದ್ರು. ಉಡಕಿಗೆ ಕಾರ್ಡ್ ಹೊಡಿಸೂದ ಹೆಚ್ಚು, ಅಷ್ಟ ಸಾಕು ಅಂದ್ರು.” ಬಾಬುಲಾಲ ಇಬ್ಬರ ಮುಖವನ್ನೂ ನೋಡಿ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದ. “ನಂದೇನೂ ಇಲ್ಲ ಅಕ್ಕಾರ. ನೀವು ಏನ ಹೇಳತೀರಿ ಅದನ್ನ ಹೊಡೀತೇನಿ. ಎಲ್ಲಾರೂ ಕೂಡಿ ಒಂದ ಹೇಳ್ರಿ ಅಷ್ಟ.”

ಅವಳು ಅಮಿತನ ಕಡೆ ತಿರುಗಿದಳು. ಅವನ ಮುಖ ನೋಡಿದ ಕೂಡಲೇ ತಿಳಿಯಿತು. “ನಿಮಗ ಗೊತ್ತಿತ್ತು.”

“ಮಾಮಾ ಹೇಳಿದ್ದ.”

“ಮತ್ತ ನೀವೇನಂದ್ರಿ?”

ಅಮಿತ ಏನೂ ಅಂದಿರಲಿಲ್ಲ. ಅದು ಅವನ ಸ್ವಭಾವ. ಸುಟ್ಟ ಮೋಟಾರಿನ ಮುಂದೆ ದಿನವಿಡೀ ಕೂತು ತಾಮ್ರದ ತಂತಿ ಸುತ್ತಬಲ್ಲ, ಮಾವನ ಮುಂದೆ ಒಂದು ವಾಕ್ಯ ಪೂರ್ತಿ ಮಾಡಲಾರ. ಪ್ರೆಸ್ಸಿನಿಂದ ಬಸ್ ನಿಲ್ದಾಣದ ತನಕ ಅವಳು ಮುಂದೆ, ಅವನು ಹಿಂದೆ ನಡೆದರು. ನಿಲ್ದಾಣದಲ್ಲಿ ಬೇವಿನ ಗಿಡದ ಕೆಳಗೆ ನಿಂತು ಅವನು ಮೆಲ್ಲಗೆ ಅಂದ, “ನನಗ ನೀ ಬೇಕು ವಿದ್ಯಾ. ಅವರು ಏನರ ಅಂದಕೊಳ್ಳಲಿ.”

“ನಿಮಗ ಏನಂದ್ರೂ ನಡಿತೈತಿ. ಯಾಕಂದ್ರ ಅನಿಸಿಕೊಳ್ಳಾಕಿ ನಾನು. ಗಿಡದ ಜೋಡಿ ಹಗಲ ಮದಿವಿ ನಿಮಗ. ಕತ್ತಲದಾಗ ಸೀರಿ ನನಗ. ಒಂದ ಮಾತು, ಒಂದ ಮಾತು ಮಾಮಾನ ಮುಂದ ಅಂದಿದ್ರ ನಿಮ್ಮ ಬಾಯಿ ಸವಿತಿತ್ತೇನ?”

“ನನಗ ಆ ವಿಷಯ ಮಾತಾಡಾಕ ಬರೂದಿಲ್ಲ.” ಅವನ ದನಿ ಇದ್ದಕ್ಕಿದ್ದಂತೆ ಒರಟಾಯಿತು. “ಬ್ಯಾರೆ ಏನರ ಹೇಳು, ಮಾಡತೇನಿ. ಅದೊಂದ ಬ್ಯಾಡ.”

“ಅದೊಂದ ಬೇಕಾಗಿತ್ತು,” ಎಂದು ಅವಳು ಸಿಂದಗಿಯ ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ವಾರದ ರಜೆಗೆ ಅವಳು ಊರಿಗೆ ಹೋಗಲಿಲ್ಲ, ಮುದ್ದೇಬಿಹಾಳಕ್ಕೆ ಹೋದಳು. ಅಮಿತ ಕೆಲಸದ ಮೇಲೆ ಹೊರಗೆ ಹೋಗಿರುತ್ತಾನೆಂದು ಗೊತ್ತಿತ್ತು. ಅವಳಿಗೆ ಬೇಕಾಗಿದ್ದವಳು ಕಸ್ತೂರೆವ್ವ. ಅಂದು ಹೊರ್ತಿಯಲ್ಲಿ ಒಂದು ಮಾತೂ ಆಡದೆ ಕೂತಿದ್ದ ಮುದುಕಿ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆಡಿಕೊಂಡು ಬಂದಿದ್ದಳು.

ಕಸ್ತೂರೆವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ಕಂಡು ಗಾಬರಿಯಾಗಲಿಲ್ಲ. “ಬಾ ಯವ್ವಾ, ಬಿಸಲಾಗ ಬಂದಿ,” ಎಂದು ನೀರು ತಂದುಕೊಟ್ಟಳು. ವಿದ್ಯಾವತಿ ನೀರನ್ನು ಪಕ್ಕಕ್ಕಿಟ್ಟು ನೇರವಾಗಿ ಶುರುಮಾಡಿದಳು.

“ಅತ್ತೀ, ನಾ ಉಡಕಿ ಆಗೂದಿಲ್ರಿ. ಆಗೂದಿದ್ರ ಮದಿವಿ ಆಗತೇನಿ, ಇಲ್ಲಾಂದ್ರ ನಿಮ್ಮ ಮಗ ಅಲ್ಲಿ, ನಾ ಇಲ್ಲಿ. ಉಡಕಿ ಅಂದ್ರ ಅದು ಮದಿವೀನ ಅಲ್ಲರಿ. ಹೆಣ್ಣಮಗಳನ್ನ ಹಿತ್ತಲ ಬಾಗಲದಿಂದ ಒಳಗ ಕರಕೊಂಡಂಗ. ಮಂದಿಗೆ ಕಾಣಬಾರದು, ದೀಪ ಹಚ್ಚಿ ಮುಗಿಸಿಬಿಡಬೇಕು. ಅಂಥಾದ್ದು ಯಾವ ಸಂಸಾರರಿ?”

ಮೊರದ ಸಪ್ಪಳ ನಿಂತಿತು.

“ಹಂಗಾದ್ರ ನಂದು ಏನು?” ಎಂದಳು ಕಸ್ತೂರೆವ್ವ.

ವಿದ್ಯಾವತಿಗೆ ಅರ್ಥವಾಗಲಿಲ್ಲ.

“ನಂದೂ ಉಡಕೀನ, ತಂಗಿ. ಅಮಿತನ ಅಪ್ಪನ ಜೋಡಿ. ನಿನಗ ಅಂವ ಹೇಳಿಲ್ಲಲಾ? ಹೇಳೂದಿಲ್ಲ ಅಂವ.” ಮುದುಕಿ ಮೊರವನ್ನು ಕೆಳಗಿಟ್ಟು ಮೊಣಕಾಲಿಗೆ ಕೈ ಕಟ್ಟಿಕೊಂಡಳು. “ನನ್ನ ಮೊದಲನೇ ಗಂಡ ಹಾವ ಕಡದು ಸತ್ತ. ನನಗ ಅವಾಗ ಮೀಸಿ ಬಂದ ಹುಡುಗೂರನ್ನ ನೋಡಿದ್ರ ನಾಚಿಕಿ ಬರೂ ವಯಸ್ಸು. ಎರಡ ವರ್ಷ ಇಂಗಳೇಶ್ವರದಾಗ ಅಪ್ಪನ ಮನ್ಯಾಗ ಕುಂತೆ. ಬಿಳೀದು ಉಟಗೊಂಡು. ನಮ್ಮಣ್ಣ, ಈ ಮಡಿವಾಳಪ್ಪ, ಅಪ್ಪನ ಜೋಡಿ ಜಗಳಾಡಿ, ಊಟ ಬಿಟ್ಟು ಕುಂತು, ಉಡಕಿ ಮಾಡ್ಸಿದ. ಊರ ಮಂದಿ ಅವನ ಮಾರಿಗೆ ಉಗಳಿದ್ರು. ಆದ್ರೂ ಮಾಡ್ಸಿದ.”

“ದನದ ಕೊಟ್ಟಿಗ್ಯಾಗ ಆತು,” ಎಂದು ಅವಳೇ ಮುಂದುವರಿಸಿದಳು. “ಕಂದೀಲ ಒಂದ. ಹೆಂಗಸರು ಯಾರೂ ಇದ್ದಿದ್ದಿಲ್ಲ, ನಮ್ಮವ್ವ ಸುದ್ದಾ ಒಳಗ ಬಾಗಲ ಹಾಕ್ಕೊಂಡಿದ್ಲು. ಅಮಿತನ ಅಪ್ಪ ಒಂದ ಹಸರ ಸೀರಿ ತಂದಿದ್ದ. ನಾನ ಉಟಗೊಂಡೆ. ಎರಡ ವರ್ಷದ ಮ್ಯಾಲೆ ಮೈಮ್ಯಾಲ ಒಂದ ಬಣ್ಣ ಬಂತು, ತಂಗಿ. ಆ ಕತ್ತಲದಾಗ ನನಗ ಅದು ಕಾಣವಲ್ದು, ಕೈಲೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಬೆಳಕ ಹರಿಯೂದ್ರಾಗ ಊರ ದಾಟ್ರಿ ಅಂದ್ರು. ಹೊಸದಾಗಿ ಉಡಕಿ ಆದಾಕಿ ಮಾರಿ ಮುಂಜಾನೆ ಯಾರೂ ನೋಡಬಾರದಂತ. ದಾಟಿದ್ವಿ.”

ನಿಂತೇ ಮಾತಾಡುತ್ತಿದ್ದ ವಿದ್ಯಾವತಿ ಕಟ್ಟೆಯ ಅಂಚಿಗೆ ಕೂತಳು.

“ಇಲ್ಲಿ ಬಂದ ಮ್ಯಾಲೆ ಒಂದ ತೊಟ್ಟಲಕ್ಕ ಕರೀಲಿಲ್ಲ, ಒಂದ ಆರತಿಗೆ ಕರೀಲಿಲ್ಲ. ಅಮಿತ ಸಾಲಿಗೆ ಹೋದ್ರ ‘ಉಡಕಿ ಮಗಾ’ ಅಂತಿದ್ರು. ಹೊಡದ ಬರತಿದ್ದ, ಹೊಡಿಸಿಕೊಂಡ ಬರತಿದ್ದ, ಯಾಕಂತ ಮಾತ್ರ ಹೇಳತಿದ್ದಿಲ್ಲ. ಹೆಣ್ಣ ಕೊಡಾಕ ಬಂದವ್ರೂ ಅದನ್ನ ಕೇಳಿ ತಿರಿಗಿ ಹೋದ್ರು. ಎಲ್ಲಾ ಖರೆ. ಆದ್ರ ಅವರಪ್ಪ ಸಾಯೂತನಕ ನನ್ನ ಒಂದ ದಿನ ಬಿರುಸ ಮಾತಾಡಲಿಲ್ಲ. ಮಂದಿ ಮದಿವಿ ಆಗಿ ಎಷ್ಟ ಹೊಡತ ತಿಂದ್ರು, ನೋಡೇನಿ. ಈಗ ನೀ ಬಂದು, ಉಡಕಿ ಅಂದ್ರ ಸಂಸಾರನ ಅಲ್ಲ ಅಂತೀ. ಹಂಗಾದ್ರ ನಾ ಇಷ್ಟ ವರ್ಷ ಏನ ಮಾಡಿದೆ?”

ಬಸ್ಸಿನಲ್ಲಿ ಆಡಿಕೊಂಡು ಬಂದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ. ವಿದ್ಯಾವತಿಗೆ ಸಿಟ್ಟು ಇಳಿಯಲಿಲ್ಲ, ಹೋಗಲು ದಾರಿಯಿಲ್ಲದೆ ಎದೆಯಲ್ಲೇ ಸುತ್ತತೊಡಗಿತು. ಮಡಿವಾಳಪ್ಪ ತಂಗಿಗಾಗಿ ಉಪವಾಸ ಕೂತವನು. ಅಮಿತ ಆ ಶಬ್ದಕ್ಕಾಗಿ ಹೊಡೆತ ತಿಂದವನು. ಈ ಮುದುಕಿ ಅದೇ ಶಬ್ದದೊಳಗೆ ಬಾಳಿದವಳು. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಅತ್ತೀ, ನಿಮಗ ಆದದ್ದು ನನಗೂ ಆಗಬೇಕೇನ್ರಿ?” ಎಂದಳು ಕೊನೆಗೆ.

ಕಸ್ತೂರೆವ್ವ ಜೋಳದಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದಳು. “ಆಗಬಾರದು. ಹಗಲ ಮಾಡಕೊ. ಬಾಜಾ ಹಚ್ಚಿ ಮಾಡಕೊ. ಕಾರ್ಡಿನ್ಯಾಗ ನಿನಗ ಬೇಕಾದ್ದ ಬರಿಸು. ನಂದು ಏನೂ ಅಲ್ಲ ಅಂತ ಮಾತ್ರ ಇನ್ನೊಮ್ಮೆ ನನ್ನ ಮುಂದ ಅನಬ್ಯಾಡ.”

“ಅನ್ನೂದಿಲ್ರಿ.”

“ನೀರ ಕುಡಿ.”

ಅವಳೆದುರಿಗೇ ಕಸ್ತೂರೆವ್ವ ಅಣ್ಣನಿಗೆ ಫೋನ್ ಹಚ್ಚಿಸಿದಳು. ಮಡಿವಾಳಪ್ಪನ ದನಿ ಫೋನಿನಾಚೆ ವಿದ್ಯಾವತಿಗೂ ಕೇಳಿಸಿತು. “ನಿನ್ನ ಉಡಕಿ ಮಾಡ್ಸಾಕ ನಾ ಊರ ಮಂದಿ ಕೈಲೆ ಉಗಳಿಸಿಕೊಂಡೇನಿ. ಇವತ್ತ ಆ ಶಬ್ದ ಕಾರ್ಡಿನ್ಯಾಗ ಬ್ಯಾಡಾತು, ಬಾಯಾಗ ಬ್ಯಾಡಾತು. ನಾ ಮಾಡಿದ್ದ ಅಷ್ಟ ಹೊಲಸ ಕೆಲಸೇನ?”

“ಹೊಲಸಂತ ಯಾರೂ ಅಂದಿಲ್ಲಪಾ.”

“ಅಂದಂಗ ಆತು!” ಎಂದು ಅವನು ಫೋನ್ ಇಟ್ಟ. ಕಸ್ತೂರೆವ್ವ ಫೋನನ್ನು ಸೆರಗಿನಲ್ಲಿ ಒರೆಸಿ, “ಬರತಾನ ತಗೋ,” ಎಂದಳು. ಮತ್ತೆ ಮೊರ ಎತ್ತಿಕೊಂಡಳು.

ಮದುವೆ ಹಗಲು ಆಯಿತು. ‘ಶುಭ ವಿವಾಹ’ ಎಂದೇ ಕಾರ್ಡು ಬಂತು. ಬಾಬುಲಾಲ ಆ ಎರಡು ಶಬ್ದಗಳನ್ನು ಬೇಕಂತಲೇ ದೊಡ್ಡದು ಮಾಡಿದ್ದ. ಬಾಗೇವಾಡಿಯ ಮಂಟಪದಲ್ಲಿ ಬಾಜಾದವರೂ ಇದ್ದರು. ಬೆಳಿಗ್ಗೆ ಮಡಿವಾಳಪ್ಪ ಬಂದಾಗ ಕೈಯಲ್ಲಿ ಒದ್ದೆ ಅರಿವೆಯಲ್ಲಿ ಸುತ್ತಿದ ಎಕ್ಕೆಯ ಟೊಂಗೆ ಇತ್ತು. ಅಷ್ಟಾದರೂ ಉಳಿಯಲಿ ಎಂಬ ಆಸೆ. ಅಮಿತ ಬೆವರುತ್ತ ನಿಂತುಕೊಂಡು, “ಗಿಡಕ್ಕ ನಾ ಅರಿಷಿಣ ಹಚ್ಚೂದಿಲ್ಲ ಮಾಮಾ. ನನಗ ಮೊದಲನೇದು ವಿದ್ಯಾನ,” ಎಂದ. ವಾಕ್ಯ ಪೂರ್ತಿಯಾಯಿತು. ಮಡಿವಾಳಪ್ಪ ಟೊಂಗೆಯನ್ನು ಹೊರಗೆ ಗೋಡೆಗೆ ಒರಗಿಸಿಟ್ಟು, ಒಳಗೆ ಬಂದು, ಎಲ್ಲರಿಗಿಂತ ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತ. ವಿದ್ಯಾವತಿಗೆ ಗೆದ್ದೆವು ಎನ್ನಿಸಿತು.

ಆ ಅನಿಸಿಕೆ ಆರತಿಯ ತನಕ ಉಳಿಯಿತು. ತಾಳಿ ಕಟ್ಟಿದ ಮೇಲೆ ಅಯ್ಯನವರು, “ಮುತ್ತೈದ್ಯಾರು ಬರ್ರಿ, ಆರತಿ ಎತ್ತರಿ,” ಎಂದು ಕೂಗಿದರು. ಯಾರೂ ಏಳಲಿಲ್ಲ. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಮಗುವಿನ ಟೋಪಿ ಸರಿಮಾಡಿದಳು. ಇನ್ನೊಬ್ಬಳು ನೋವೆಂಬಂತೆ ಸೊಂಟಕ್ಕೆ ಕೈ ಇಟ್ಟುಕೊಂಡಳು. ಕಾರ್ಡಿನಲ್ಲಿ ಏನು ಬರೆದಿದ್ದರೂ ಅವರೆಲ್ಲ ಬಂದಿದ್ದದ್ದು ಉಡಕಿಗೆ.

ಕೊನೆಗೆ ಎದ್ದು ಬಂದವಳು ರೇಣುಕಾ. ಇಂಡಿಯಿಂದ ಬಂದಿದ್ದಳು, ಅಂದಿನ ಒರಟು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ವಿದ್ಯಾವತಿಯ ಅವ್ವ ಕಣ್ಣೊರೆಸಿಕೊಂಡು ಜೊತೆಗೆ ನಿಂತಳು. ಆದರೆ ವಿದ್ಯಾವತಿಯ ಹಠ ಅಲ್ಲಿಗೆ ತಣಿಯಲಿಲ್ಲ. ಆಕಾಶನೀಲಿ ಸೀರೆಯುಟ್ಟು ಕಂಬದ ಹಿಂದೆ ಮರೆಯಾಗಿ ನಿಂತಿದ್ದ ಕಸ್ತೂರೆವ್ವ ಅವಳ ಕಣ್ಣಿಗೆ ಬಿದ್ದಳು. ಬಾಸಿಂಗ ಕಟ್ಟಿಕೊಂಡೇ ಹಸೆಯಿಂದ ಇಳಿದುಹೋಗಿ ಮುದುಕಿಯ ಕೈ ಹಿಡಿದಳು. “ಬರ್ರಿ ಅತ್ತೀ, ನೀವ ಎತ್ತಬೇಕು ಆರತಿ.”

“ಬಿಡು.”

“ಇಲ್ರಿ, ಬರ್ರಿ. ಎಲ್ಲಾರೂ ನೋಡ್ಲಿ.”

ಕಸ್ತೂರೆವ್ವ ಕೈ ಕಿತ್ತುಕೊಂಡಳು, ವಿದ್ಯಾವತಿಯ ಬಳೆ ಜರುಗುವಷ್ಟು ಜೋರಾಗಿ. “ನಾ ಒಲ್ಲೆ ಅಂದ್ರ ಒಲ್ಲೆ. ನಿನ್ನ ಹಠಕ್ಕ ನನ್ನ ಮಂದ್ಯಾಗ ನಿಂದ್ರಸಬ್ಯಾಡ.”

ಬಾಜಾದವರು ತಿಳಿಯದೆ ಇನ್ನೂ ಜೋರಾಗಿ ಊದುತ್ತಿದ್ದರು. ವಿದ್ಯಾವತಿ ಕೆಂಡ ಮೆಟ್ಟಿದವಳಂತೆ ಹಿಂದೆ ಸರಿದು, ಒಬ್ಬಳೇ ಹಸೆಗೆ ಮರಳಿದಳು. ರೇಣುಕಾ ಆರತಿ ಎತ್ತಿದಳು. ಫೋಟೋದಲ್ಲಿ ಮದುಮಗಳು ಅಳುವುದನ್ನು ಕಷ್ಟಪಟ್ಟು ತಡೆದಿರುವುದು ಇವತ್ತಿಗೂ ಕಾಣುತ್ತದೆ. ತವರು ಬಿಡುವ ದುಃಖ ಎಂದು ನೋಡಿದವರೆಲ್ಲ ಅನ್ನುತ್ತಾರೆ.

ಮದುವೆಯಾಗಿ ತಿಂಗಳುಗಳು ಕಳೆದವು. ವಿದ್ಯಾವತಿ ಮುದ್ದೇಬಿಹಾಳ ಡಿಪೋಕ್ಕೆ ವರ್ಗ ಮಾಡಿಸಿಕೊಂಡು ಅಲ್ಲೇ ಸಂಸಾರ ಹೂಡಿದಳು. ಅತ್ತೆ ಸೊಸೆಗೆ ಚಲೋ ಹೊಂದಿತು. ಆರತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟುವವಳು ಕಸ್ತೂರೆವ್ವ. ಮಡಿವಾಳಪ್ಪ ಒಮ್ಮೆ ಬಂದು, ಸೊಸೆಯ ಕೈಯ ಚಹಾ ಕುಡಿದು, ಹೆಚ್ಚು ಮಾತಾಡದೆ ಹೋದ. ಅಮಿತ ಮೊದಲಿನಂತೆಯೇ ತಂತಿ ಸುತ್ತುತ್ತಿದ್ದ. ಸುಖವಿರಲಿಲ್ಲ ಅಂತಲ್ಲ. ಆದರೆ ತರಕಾರಿ ಅಂಗಡಿಯಲ್ಲಿ, ನಳದ ಹತ್ತಿರ, ದವಾಖಾನೆಯ ಸಾಲಿನಲ್ಲಿ ಬೆನ್ನ ಹಿಂದಿನಿಂದ ಆ ಶಬ್ದ ಬರುತ್ತಲೇ ಇತ್ತು, “ಅಮಿತನ ಉಡಕಿ ಹೇಣ್ತಿ.” ಮೊದಮೊದಲು ತಿರುಗಿ ನಿಂತು ತಿದ್ದುತ್ತಿದ್ದಳು. ಹೌದ್ರಿ ಹೌದ್ರಿ ಎಂದು ಒಪ್ಪಿಕೊಂಡವರೇ ಮರುದಿನ ಮತ್ತೆ ಅದನ್ನೇ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಹಿಂದಿನ ಓಣಿಯ ಶಮ್ಶುನ್ನೀಸಾ ತಮ್ಮ ನೀರಿನ ಮೋಟಾರು ಕೆಟ್ಟ ವಿಚಾರಕ್ಕೆ ಬಂದು ಕಟ್ಟೆಯ ಮೇಲೆ ಕೂತಳು. ಬಹಳ ದಿನ ಮಗಳ ಊರಿಗೆ ಹೋಗಿದ್ದವಳು, ಹೊಸ ಸುದ್ದಿ ಕೇಳುವ ಹಸಿವು. “ಅಮಿತಂದು ಉಡಕಿ ಆತಂತಲ್ಲಬೇ ಕಸ್ತೂರೆವ್ವಾ?”

“ಆತ ನೋಡಬೇ,” ಎಂದಳು ಕಸ್ತೂರೆವ್ವ. ಅವಳ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. “ಉಡಕಿ ಅಂದ್ರ ಎಂಥಾ ಉಡಕಿ! ಹಗಲ, ಮಂಟಪದಾಗ, ಬಾಜಾ ಹಚ್ಚಿ. ಅಂಥಾ ಉಡಕಿ ಈ ಊರಾಗ ಯಾರದ ಆಗೇತಿ ಹೇಳು!”

ಒಳಗೆ ಸಮವಸ್ತ್ರ ತೊಟ್ಟು ತಲೆ ಬಾಚಿಕೊಳ್ಳುತ್ತಿದ್ದ ವಿದ್ಯಾವತಿ ಹಣಿಗೆಯನ್ನು ಹಾಗೇ ಕೂದಲಲ್ಲಿ ಬಿಟ್ಟು ಹೊರಗೆ ಬಂದಳು. “ಅತ್ತೀ. ಮದಿವಿ ಅನ್ರಿ.”

“ಈಗ ನಾ ಏನ ತಪ್ಪ ಅಂದೆ?” ಕಸ್ತೂರೆವ್ವ ನಿಜವಾಗಿಯೂ ತಿಳಿಯದೆ ಅವಳ ಮುಖ ನೋಡಿದಳು. “ಹೊಗಳಾಕತ್ತೇನಲ್ಲ.”

ಶಮ್ಶುನ್ನೀಸಾ ಒಮ್ಮೆ ಅತ್ತೆಯನ್ನೂ ಒಮ್ಮೆ ಸೊಸೆಯನ್ನೂ ನೋಡಿದಳು. ವಿದ್ಯಾವತಿ ಬಾಯಿ ತೆರೆದಳು. ಉಡು, ಉಡಿಕಿ, ಕೊಟ್ಟಿಗೆ, ಹಸಿರು ಸೀರೆ, ಎಲ್ಲವೂ ಒಮ್ಮೆಲೇ ಬಾಯಿಗೆ ಬಂದವು. ಆ ಮುದುಕಿಯ ಬಾಯಲ್ಲಿ ಆ ಶಬ್ದ ಕೆಡುಕಾಗಿರಲಿಲ್ಲ. ಅದು ಏನೂ ಅಲ್ಲ ಎಂದು ಇನ್ನೊಮ್ಮೆ ಅನ್ನುವುದಿಲ್ಲವೆಂದು ಮಾತು ಕೊಟ್ಟವಳು ತಾನೇ. ಆದರೂ ಕೇಳುತ್ತ ನಿಲ್ಲುವುದಾಗಲಿಲ್ಲ.

“ನನ್ನ ಬಸ್ಸಿಗೆ ಹೊತ್ತಾತು,” ಎಂದಷ್ಟೇ ಅಂದು, ಚೀಲ ಹೆಗಲಿಗೆ ಹಾಕಿಕೊಂಡು ದಡದಡ ಮೆಟ್ಟಿಲಿಳಿದಳು.

ಓಣಿಯ ತಿರುವು ಮುಟ್ಟಿರಲಿಲ್ಲ, ಹಿಂದಿನಿಂದ ಕೂಗು ಬಂತು. “ಏ ತಂಗಿ, ಡಬ್ಬಿ ಬಿಟ್ಟ ಹೊಂಟೀ ನೋಡು! ತಲ್ಯಾಗ ಹಣಿಗಿ ಐತಿ!”

ವಿದ್ಯಾವತಿ ಸಿಟ್ಟಿನಿಂದಲೇ ಹೊರಳಿ ಬಂದಳು. ಹಣಿಗೆ ಕಿತ್ತು ಕಟ್ಟೆಯ ಮೇಲಿಟ್ಟಳು, ಡಬ್ಬಿ ಕಸಿದುಕೊಂಡಳು. “ಮದಿವಿ,” ಎಂದಳು ಅತ್ತೆಯ ಮುಖ ನೋಡಿ.

“ಹೂಂ ಹೂಂ, ಮದಿವಿ. ಬಸ್ ಹೋಗತೈತಿ, ನಡಿ ಮೊದಲ,” ಎಂದಳು ಕಸ್ತೂರೆವ್ವ.